ಎಕ್ಸ್-ರೇ ಮನೆಗೆ ಹಾಲುಕ್ಕಿಸಿದ್ದು

ಹಾಸನದ ಹೊರಗೆ, ಕಟ್ಟಾಯದ ದಾರಿಯಲ್ಲಿ, ನಾವೊಂದು ಪ್ರಯೋಗಾಲಯ ಕಟ್ಟಿದೆವು. ಆಕಾಶದಿಂದ ಬರುವ ಎಕ್ಸ್-ರೇ ಹಿಡಿಯುವ ದೂರದರ್ಶಕಗಳ ಕನ್ನಡಿಗಳನ್ನು ಪರೀಕ್ಷಿಸುವ ಜಾಗ ಅದು. ಗಾಳಿ ತೆಗೆದ ಉದ್ದನೆಯ ಕೊಳವೆ. ಒಂದು ತುದಿಯಿಂದ ಎಕ್ಸ್-ರೇ ಬಿಡಬೇಕು, ಇನ್ನೊಂದು ತುದಿಯಲ್ಲಿ ಕನ್ನಡಿ ಇಡಬೇಕು. ಕನ್ನಡಿಯ ಮೇಲೆ ಕಣ್ಣಿಗೆ ಕಾಣದಷ್ಟು ಜಿಡ್ಡು ಕೂತರೂ ಕೆಲಸ ಕೆಟ್ಟಿತು. ಇಂಥ ಕಟ್ಟಡದ ಉಸ್ತುವಾರಿ ಯಾರದು? ನನ್ನದು!

ಸ್ವಚ್ಛತೆಯ ವಿಷಯದಲ್ಲಿ ನಾನು ಯಾರ ಮುಲಾಜಿಗೂ ಬೀಳಲಿಲ್ಲ. ಹೂ ಮುಡಿದವರನ್ನು ಬಾಗಿಲಲ್ಲೇ ತಡೆದೆ. ಪೌಡರ್ ಹಚ್ಚಿದವರಿಗೆ ಮುಖ ತೊಳೆಸಿ ಒಳಗೆ ಬಿಟ್ಟೆ. ಅರಕಲಗೂಡಿನ ಕಂಟ್ರಾಕ್ಟರನ ಮೀಸೆಗೂ ಬಲೆ ತೊಡಿಸಿದೆ.

ಮೊದಲ ಪರೀಕ್ಷೆಗೆ ಬಂದದ್ದು ನಮ್ಮ ಚೈತ್ರಾಳ ಕನ್ನಡಿ. ಚನ್ನರಾಯಪಟ್ಟಣದ ಹುಡುಗಿ, ವರ್ಷಗಟ್ಟಲೆ ಕೂತು ಅದನ್ನು ನಯ ಮಾಡಿದ್ದಳು. ಇಲ್ಲಿ ಪಾಸಾದರೆ ಉಪಗ್ರಹದಲ್ಲಿ ಹೋಗುತ್ತದೆ, ಇಲ್ಲದಿದ್ದರೆ ಅವಕಾಶ ಬೇರೆಯವರ ಪಾಲು.

ಆ ಬೆಳಿಗ್ಗೆ ನನ್ನ ಹೆಂಡತಿ ಸರೋಜ ಹಾಲು, ಪಾತ್ರೆ, ಗ್ಯಾಸ್ ಒಲೆ ಸಮೇತ ಬಂದಿಳಿದಳು.

"ಹೊಸ ಕಟ್ಟಡ ಕಣ್ರೀ. ಹಾಲುಕ್ಕಿಸ್ದೆ ಯಾರಾದ್ರೂ ಕೆಲ್ಸ ಶುರು ಮಾಡ್ತಾರಾ? ಆ ಹುಡ್ಗೀಗೆ ಒಳ್ಳೇದಾಗ್ಲಿ ಅಂತ ತಂದಿವ್ನಿ."

"ಒಳಗೆ ಸಾಧ್ಯವೇ ಇಲ್ಲ!" ಎಂದು ಗುಡುಗಿದೆ. ಅವಳ ಮುಖ ನೋಡಿ ಮೆತ್ತಗಾದೆ. ಕಟ್ಟಡದ ಹಿಂದೆ, ದೊಡ್ಡ ಫ್ಯಾನಿನ ಕೆಳಗೇ ಒಲೆ ಇಡಿಸಿದೆ. ಹೊಗೆ ಬಂದರೆ ಫ್ಯಾನು ಆಚೆ ತಳ್ಳಲಿ ಎಂಬ ಮುಂದಾಲೋಚನೆ!

ಫ್ಯಾನು ತಳ್ಳಿತು. ಆದರೆ ಅದು ಒಳಗಿನ ಗಾಳಿಯನ್ನು ಹೊರಗೆ ಹಾಕುವ ಫ್ಯಾನಲ್ಲ, ಹೊರಗಿನ ಗಾಳಿಯನ್ನು ಒಳಗೆ ಕಳಿಸುವ ಫ್ಯಾನು. ಮುಂದೆ ನಿಂತು ಅದನ್ನು ಕೂರಿಸಿದವನು ನಾನೇ, ಆದರೆ ಆ ಹೊತ್ತಿಗೆ ನೆನಪಾಗಲಿಲ್ಲ!

ಗಾಳಿಗೆ ಹಾಲು ಉಕ್ಕಲೊಲ್ಲದು. ಉರಿ ಜೋರು ಮಾಡಿದೆ. ಉಕ್ಕಿತು ನೋಡಿ! ಒಲೆಯ ಮೇಲೆಲ್ಲ ಸುರಿದು ಸೀದುಹೋಯಿತು. ಒಳಗಿನಿಂದ ಚೈತ್ರಾ ಕೂಗಿದಳು.

"ಸಾ, ಏನೋ ಸೀದ್ ವಾಸ್ನೆ ಬತ್ತೈತೆ! ಕನ್ನಡಿ ಡಬ್ಬಿ ತಗ್ದಿವ್ನಿ!"

"ಗಾಬ್ರಿ ಆಗ್ಬ್ಯಾಡ ಕಣಮ್ಮ, ಈಗ್ ಓಯ್ತದೆ!" ಎಂದು ಫ್ಯಾನನ್ನು ಪೂರ್ತಿ ಜೋರಿಗೆ ತಿರುಗಿಸಿದೆ.

ಫ್ಯಾನಿನ ಫಿಲ್ಟರ್ ದೂಳನ್ನು ತಡೆಯಿತು, ಸೀದ ಹಾಲಿನ ಜಿಡ್ಡಿನ ಆವಿಯನ್ನು ತಡೆಯಲಿಲ್ಲ. ಅದು ನೆಟ್ಟಗೆ ಒಳಗೆ ಹೋಗಿ ಕನ್ನಡಿಯ ಮೇಲೆ ಕೂತಿತು. ಒರೆಸೋಣವೆಂದರೆ ಲೇಪನವೇ ಕಿತ್ತು ಬರುತ್ತದೆ.

ಪರೀಕ್ಷೆಯಲ್ಲಿ ಕನ್ನಡಿ ಫೇಲಾಯಿತು. ಉಪಗ್ರಹಕ್ಕೆ ಬೇರೆಯವರ ಕನ್ನಡಿ ಹೋಯಿತು. ಚೈತ್ರಾ ಕನ್ನಡಿಯನ್ನು ಡಬ್ಬಿಗಿಟ್ಟು ಮುಚ್ಚಳ ಹಾಕಿದಳು. ನನ್ನನ್ನು ಬೈದಿದ್ದರೆ ಆ ವಾರ ಊಟವಾದರೂ ಸೇರುತ್ತಿತ್ತು. ಸರೋಜ ಈಗಲೂ "ನಾನು ತರ್ಬಾರ್ದಿತ್ತು" ಎಂದು ಕೊರಗುತ್ತಾಳೆ. ಪಾಪ, ತಪ್ಪು ಅವಳದಲ್ಲ. ಫ್ಯಾನು ಯಾವ ಕಡೆ ಬೀಸುತ್ತದೆಂದು ತಿಳಿಯದ ಎಂಜಿನಿಯರನದು.

ಮೊನ್ನೆ ಧೈರ್ಯ ಮಾಡಿ ಕೇಳಿದೆ, "ಏನಮ್ಮಾ, ನಾನು ಕಟ್ಟಿದ ಲ್ಯಾಬು ಎಂಗೈತೆ?"

"ಬೋ ಚೆನ್ನಾಗೈತೆ ಸಾ. ಕಣ್ಣಿಗೆ ಕಾಣ್ದಿರೋ ಜಿಡ್ಡೂ ಕಂಡಿಡೀತಲ್ಲ! ಒಸ ಕನ್ನಡಿ ಶುರು ಮಾಡಿವ್ನಿ. ಅದನ್ನ ತಂದ ದಿನ ನೀವು ರಜಾ ಹಾಕ್ಬುಡಿ."

ಆಗಲೇ ಮೇಲಿನವರಿಗೆ ರಜೆಯ ಅರ್ಜಿ ಹಾಕಿದೆ. ನನ್ನ ಇಡೀ ಸರ್ವೀಸಿನಲ್ಲಿ ಇಷ್ಟು ಬೇಗ ಮಂಜೂರಾದ ರಜೆ ಇನ್ನೊಂದಿಲ್ಲ!