ನೀರೊಲೆಯ ಬಾಣಂತಿ

ಈ ಚಳಿಗಾಲದಲ್ಲಿ ಮನೆಯವರಿಗೆಲ್ಲ ಬಚ್ಚಲುಮನೆಯಲ್ಲೇ ಸ್ವರ್ಗ ತೋರಿಸುತ್ತೇನೆಂದು ನಾನು ಶಪಥ ಮಾಡಿದೆ! ನಂಜನಗೂಡಿನ ನಮ್ಮ ಮನೆಯ ನೀರೊಲೆ, ಗೀಸರ್ ಬಂದಾಗಿನಿಂದ ಮೂಲೆಗುಂಪಾಗಿತ್ತು. ಕಪಿಲೆಯ ಮೇಲಿನ ಮಂಜು ನಮ್ಮ ಬೀದಿಯವರೆಗೂ ಬರತೊಡಗಿದಾಗ ನನಗೆ ಅದರ ನೆನಪಾಯಿತು.

"ಹಂಡೆ ನೀರಿನ ಸುಖ ಗೀಸರ್‌ಗೆ ಎಲ್ಲಿಂದ ಬರ್ಬೇಕು? ಅದನ್ನ ಬಿಚ್ಚಿಸಿ ಸೌದೆ ಒಲೆ ಹಚ್ತೀನಿ, ಕೆಂಡದಲ್ಲಿ ಗೆಣಸು ಸುಡ್ತೀನಿ. ನಿಮ್ಮಮ್ಮನೂ ನೋಡ್ಲಿ, ಅಳಿಯ ಅಂದ್ರೆ ಏನು ಅಂತ!"

"ಮೊದ್ಲು ಒಲೆ ಹಚ್ಚಿ ತೋರ್ಸಿ. ಆಮೇಲೆ ಗೀಸರ್ ಬಿಚ್ಚಿಸೋರಂತೆ," ಎಂದಳು ನನ್ನ ಹೆಂಡತಿ ನಯನ.

ಹೆಂಡತಿ ಹೇಳಿದ್ದನ್ನು ಕೂಡಲೇ ಒಪ್ಪಿಕೊಂಡರೆ ಗಂಡಸಿನ ಗತ್ತು ಏನಾಗಬೇಕು? ಅವತ್ತೇ ಗೀಸರ್ ಬಿಚ್ಚಿಸಿ, ಚಿಕ್ಕಯ್ಯನಛತ್ರದಲ್ಲಿ ಹೊಸ ಮನೆ ಕಟ್ಟಿದ ತಮ್ಮನಿಗೆ ದಾನ ಮಾಡಿಬಿಟ್ಟೆ. ಕರ್ಣನಿಗೂ ಅಷ್ಟು ಧಾರಾಳವಿರಲಿಲ್ಲ!

ಸಂಜೆ ಅತ್ತೆ ಸಿದ್ದಲಿಂಗಮ್ಮನವರು ಟಿ. ನರಸೀಪುರದಿಂದ ಬಂದಿಳಿದರು. ನಸುಕಿನಲ್ಲೇ ಸ್ನಾನ, ಆಮೇಲೆ ಲಿಂಗಪೂಜೆ, ಅದು ಮುಗಿಯುವವರೆಗೆ ತೊಟ್ಟು ಕಾಫಿಯನ್ನೂ ಮುಟ್ಟದವರು.

ಬೆಳಗಾಗುವ ಮೊದಲೇ ಸ್ವೆಟರ್, ಮಂಕಿ ಕ್ಯಾಪ್ ಧರಿಸಿ, ಯುದ್ಧಕ್ಕೆ ಹೊರಟ ಸೇನಾಪತಿಯ ಠೀವಿಯಲ್ಲಿ ಸೌದೆ ಹೊತ್ತು ನಡೆದೆ. ಹಳೆಯ ಬೂದಿ ತೆಗೆಯಲು ಒಲೆಯೊಳಗೆ ಕೈ ಹಾಕಿದೆ. ಬೂದಿ ಭುಸ್ ಎಂದಿತು!

ನನ್ನ ಕೂಗಿಗೆ ಮಗಳು ಕೋಮಲ ಟಾರ್ಚ್ ಹಿಡಿದು ಓಡಿಬಂದಳು. "ಅಪ್ಪಾ, ಬೆಕ್ಕು ಮರಿ ಹಾಕಿದೆ! ಇನ್ನೂ ಕಣ್ಣೇ ಬಿಟ್ಟಿಲ್ಲ. ನೀನು ಬೆಂಕಿ ಹಚ್ಚಿದ್ರೆ ನಾನು ಊಟಾನೇ ಮಾಡಲ್ಲ!"

ಉಣ್ಣಲು ಗತಿಯಿಲ್ಲದ ಮನೆಗೆ 'ಒಲೆಯಲ್ಲಿ ಬೆಕ್ಕು ಮಲಗಿದೆ' ಎನ್ನುತ್ತಾರೆ. ನಮ್ಮ ಒಲೆಯಲ್ಲಿ ಬೆಕ್ಕು ಸಂಸಾರವನ್ನೇ ಹೂಡಿತ್ತು! ಮಗಳನ್ನು ಕೊಟ್ಟ ಅತ್ತೆ ಇದನ್ನು ಕಂಡರೆ ನನ್ನ ಮಾನ ಉಳಿದೀತೇ?

ಮನೆಯ ಅತಿ ದೊಡ್ಡ ಪಾತ್ರೆ ತುಂಬಿಸಿ ಗ್ಯಾಸ್ ಮೇಲೆ ಏರಿಸಿದೆ. ನೀರು ಉಗುರು ಬೆಚ್ಚಗಾಗುವ ಮೊದಲೇ ಉರಿ ಪಕ್ಕನೆ ಆರಿತು.

"ಇನ್ನೊಂದು ಸಿಲಿಂಡರ್ ಎಲ್ಲೇ?"

"ನಿಮ್ಮ ತಮ್ಮನ ಗೃಹಪ್ರವೇಶಕ್ಕೆ ಕೊಟ್ರಲ್ಲಾ, ಮಹಾರಾಜ್ರೇ!"

ಅಷ್ಟರಲ್ಲಿ ಅತ್ತೆ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಂದೇಬಿಟ್ಟರು. ನಾನು ಓಡಿಹೋಗಿ ಬಚ್ಚಲ ಬಾಗಿಲಿಗೆ ಅಡ್ಡ ನಿಂತೆ.

"ಏನ್ ಅಳಿಯಂದ್ರೇ, ಇಂಗ್ ನಿಂತಿದ್ದೀರಿ?"

"ನೀರು... ಇನ್ನೂ ಸ್ವಲ್ಪ..."

"ಮ್ಯಾಂವ್" ಎಂದಿತು ಒಲೆ.

ಅತ್ತೆ ನನ್ನನ್ನು ಪಕ್ಕಕ್ಕೆ ಸರಿಸಿ ಬಗ್ಗಿ ನೋಡಿದರು. ನಾನು ಕಣ್ಣು ಮುಚ್ಚಿಕೊಂಡೆ.

"ಅಯ್ಯೋ ಶಿವ್ನೇ, ಬಾಣಂತಿ ಕಣವ್ವಾ! ಎಬ್ಬಿಸ್ಬ್ಯಾಡಿ ಪಾಪ. ನೀರ್ ಕಾಯ್ಸಕ್ಕೆ ಇತ್ಲಲ್ಲಿ ಮೂರ್ ಕಲ್ಲಿಲ್ವಾ?"

ಇದ್ದವು! ಪಾತ್ರೆಯನ್ನು ಹಿತ್ತಲಿಗೆ ಹೊತ್ತೆ. ತೆಂಗಿನ ಮಟ್ಟೆ, ಕರಟ ಹೊತ್ತಿಕೊಂಡವು. ಅತ್ತೆಗೆ ಹಬೆಯಾಡುವ ನೀರು ಸಿಕ್ಕಿತು, ನಮಗೆ ಕೆಂಡ ಸಿಕ್ಕಿತು. ಮಂಜು ಕರಗಿ ತೆಂಗಿನ ತುದಿಗೆ ಬಿಸಿಲು ಬೀಳುವ ಹೊತ್ತಿಗೆ ಗೆಣಸು ಘಮ್ಮೆನ್ನುತ್ತಿತ್ತು. ಕೋಮಲ ಊದಿ ಊದಿ ತಿಂದಳು. ಬೆಳಗಾದರೆ ಗಡಿಯಾರದ ಜೊತೆ ಜಗಳವಾಡುವ ನಯನ ಉರಿಯ ಮುಂದೆ ಕಾಲು ಚಾಚಿ ಕೂತುಬಿಟ್ಟಳು. ನನಗಂತೂ ಖುಷಿ ತಡೆಯಲಾಗಲಿಲ್ಲ.

"ನೋಡಿದ್ಯಾ? ಗೀಸರ್ ಇದ್ದಿದ್ರೆ ಈ ಭಾಗ್ಯ ಸಿಗ್ತಿತ್ತಾ?" ಎಂದು ಮೀಸೆ ತಿರುವಿದೆ.

ಪೂಜೆ ಮುಗಿಸಿ ಬಂದ ಅತ್ತೆ ನನ್ನ ತಲೆಯನ್ನೇ ದಿಟ್ಟಿಸಿದರು. "ಅಳಿಯಂದ್ರೇ, ಬಾಣಂತಿಗೆ ಥಂಡಿ ಆಗ್ಬಾರ್ದು. ಆ ಟೋಪಿ ಇತ್ತಾಗ್ ಕೊಡಿ."

ಕೊಟ್ಟೆ. ಈಗ ಮರಿಗಳು ನನ್ನ ಮಂಕಿ ಕ್ಯಾಪಿನಲ್ಲಿ ಬೆಚ್ಚಗೆ ಮಲಗಿವೆ. ನಾನು ನಯನಳ ಹಳೆಯ ಸ್ಕಾರ್ಫನ್ನು ಕಿವಿ ಮುಚ್ಚುವಂತೆ ಕಟ್ಟಿಕೊಂಡು ದಿನಾ ಬೆಳಿಗ್ಗೆ ಹಿತ್ತಲಲ್ಲಿ ಮಟ್ಟೆ ಆಯುತ್ತೇನೆ. ನಿನ್ನೆ ಪಕ್ಕದ ಮನೆಯ ಮಾರಯ್ಯ ಬೇಲಿಯಾಚೆಯಿಂದ ನನ್ನನ್ನು ಕಂಡವನೇ ಗಾಬರಿಯಾಗಿ ನಿಂತ.

"ನಿಮ್ಮನೇಲಿ ಬಾಣಂತಿ ಅವ್ರೆ ಅಂತ ಕೋಮಲ ಪಾಪು ಏಳ್ತಿತ್ತು. ನೀವೇನಾ ಸಾ?"