ಖಾಲಿ ಬಿಡಲಾರದ ಎರಡು ಪಿನ್ನು

ಯಾದಗಿರಿಯ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ವಿಜ್ಞಾನ ಕಲಿಸುತ್ತಿದ್ದೇನೆ. ಕಪ್ಪುಹಲಗೆಯ ಮೇಲೆ ನಾನು ಬರೆದ ವಿದ್ಯುತ್ ಮಂಡಲ ಒಂದೂ ಇದುವರೆಗೆ ಸುಟ್ಟಿಲ್ಲ. ಆ ಧೈರ್ಯದಿಂದಲೇ ಪಕ್ಕದ ಮನೆಯ ಮೈಕಿಗೆ ಕೈ ಹಾಕಿದೆ.

ಅಂದು ಸಂಜೆ ಓಣಿಯ ಹೆಣ್ಣುಮಕ್ಕಳು ಅಬ್ಬೆತುಮಕೂರಿನ ಮಠಕ್ಕೆ ಪಾದಯಾತ್ರೆ ಹೊರಡುವವರಿದ್ದರು. ಮುಂದೆ ನಿಂತು ಹಾಡು ಹೇಳಿಕೊಡುವ ಮಾನ ಮೊದಲ ಸಲ ನನ್ನ ಹೆಂಡತಿ ಮಹಾದೇವಿಗೆ ಸಿಕ್ಕಿತ್ತು. ಗಂಟಲು ಕಟ್ಟಿದ್ದರಿಂದ ಪಕ್ಕದ ಮನೆಯ ನಿಂಗಮ್ಮಕ್ಕನಿಂದ ಸೊಂಟಕ್ಕೆ ಕಟ್ಟಿಕೊಳ್ಳುವ ಮೈಕು ತಂದಿದ್ದಳು. ಅದು ಚಾರ್ಜೇ ಆಗುತ್ತಿರಲಿಲ್ಲ.

ಬೆಳಿಗ್ಗೆಯೇ ಹೊಸ ಚಾರ್ಜಿಂಗ್ ಚಿಪ್ಪು ತಂದು ಕೂಡಿಸಿದೆ. ಡೇಟಾ ಪ್ಲಸ್, ಡೇಟಾ ಮೈನಸ್ ಎಂಬ ಎರಡು ಪಿನ್ನು ಉಳಿದವು. ಮೈಕಿಗೆ ಡೇಟಾ ಏಕೆ? ಆದರೆ ನಮ್ಮಲ್ಲಿ ಪಕ್ಕದ ಮನೆಯ ಬಟ್ಟಲನ್ನೂ ಖಾಲಿ ತಿರುಗಿಸಿ ಕೊಡುವುದಿಲ್ಲ, ಒಂದು ಚಮಚ ಸಕ್ಕರೆಯಾದರೂ ಹಾಕುತ್ತೇವೆ. ಪಿನ್ನು ಖಾಲಿ ಬಿಡಲು ಮನಸ್ಸು ಬರಲಿಲ್ಲ. ಪ್ಲಸ್ಸನ್ನು ಬ್ಯಾಟರಿಯ ಪ್ಲಸ್ಸಿಗೆ, ಮೈನಸ್ಸನ್ನು ಮೈನಸ್ಸಿಗೆ ವೈರು ಹಚ್ಚಿ ಕೊಟ್ಟೆ. ಚಿಪ್ಪಿನ ಜೊತೆ ಬಂದ ಚೀಟಿಯಲ್ಲಿ ಏನೋ ಬರೆದಿತ್ತು, ಓದಲಿಲ್ಲ.

"ಕೆಂಪ ಲೈಟ್ ಹತ್ತ್ಯಾದ. ಆತು ಬಿಡು," ಎಂದೆ.

"ನೀವು ಆತು ಅಂದ್ರನ ನನಗ ಅಂಜಿಕಿ ಬರ್ತದ," ಎಂದಳು ಮಹಾದೇವಿ.

ಮಧ್ಯಾಹ್ನದವರೆಗೆ ಚಾರ್ಜಿಗಿಟ್ಟರೂ ಮೈಕು ಒಮ್ಮೆ ಗುರ್ ಎಂದು ಸುಮ್ಮನಾಯಿತು. ಮೊಬೈಲ್ ರಿಪೇರಿಯ ರಫೀಕ್ ಭಾಯಿಯ ಬಳಿ ಓಡಿದೆ.

"ಈ ಎರಡು ಪಿನ್ ಹಿಂಗ ಯಾರ್ ಹಚ್ಯಾರ್ರಿ ಸರ್?"

"ಯಾರೋ ಅರ್ಧಂಬರ್ಧ ಕಲ್ತಾಂವ ಇರಬೇಕು," ಎಂದೆ.

"ಇವಕ್ಕ ಬ್ಯಾಟರಿ ಸಂಬಂಧ ಇಲ್ರಿ. ಒಂದಕ್ಕೊಂದು ಕೂಡಿಸಿ ಬಿಟ್ರ ಚಿಪ್ಪು ದೊಡ್ಡ ಚಾರ್ಜರ್ ಅದ ಅಂತ ತಿಳಿದು ಪೂರಾ ಕರೆಂಟ್ ಎಳೀತದ. ಈಗ ಹನಿ ಹನಿ ಕುಡಿಯಾಕತ್ತದ. ಹತ್ತ ಮಿನಿಟ್ ಕೂಡ್ರಿ, ಮಾಡಿಕೊಡ್ತೀನಿ."

"ಇಷ್ಟಕ್ಕ ನೀವ್ಯಾಕ್ರಿ, ನಾನ ಮಾಡ್ತೀನಿ."

ಮನೆಗೆ ಬಂದು ಎರಡೂ ಪಿನ್ನು ಕೂಡಿಸಿದೆ. ಬ್ಯಾಟರಿಗೆ ಹಚ್ಚಿದ್ದ ಹಳೆಯ ವೈರು ಕೀಳುವುದನ್ನು ಮರೆತೆ. ಪ್ಲಸ್ಸು ಮೈನಸ್ಸು ನೇರವಾಗಿ ಕೂಡಿದರೆ ಏನಾಗುತ್ತದೆಂದು ಪ್ರತಿವರ್ಷ ಮಕ್ಕಳಿಗೆ ಕಲಿಸುವವನೇ ನಾನು. ಅದೇ ಆಯಿತು! ಹೊಗೆ ಅಡುಗೆಮನೆಗೂ ಹೋಯಿತು.

ಸಂಜೆ ಪಾದಯಾತ್ರೆಯಲ್ಲಿ ಮಹಾದೇವಿ ಬರಿಗಂಟಲಲ್ಲೇ ಹಾಡಿದಳು. ಹಿಂದಿನವರಿಗೆ ಕೇಳಿಸದೆ ಅವರು ಬೇರೆಯೇ ಹಾಡು ಹಿಡಿದರು. ಅರ್ಧ ದಾರಿಯಲ್ಲಿ ಹಿಂದಿನ ಹಾಡೇ ಗೆದ್ದಿತು. ಅವಳು ಹಾಡು ಬಿಟ್ಟು ನಡೆದಳು. ನೀರಿನ ಬಾಟಲಿ ಹಿಡಿದು ಬದಿಯಲ್ಲೇ ನಡೆಯುತ್ತಿದ್ದ ನನಗೆ ಅವಳ ಮುಖ ನೋಡಲು ಆಗಲಿಲ್ಲ. ಅವಳು ಬಯ್ದಿದ್ದರೆ ಎಷ್ಟೋ ವಾಸಿಯಿತ್ತು.

ಮರುದಿನ ಸುಟ್ಟ ಮೈಕು ಎತ್ತಿಕೊಂಡು, "ನಡ್ರಿ," ಎಂದಳು.

"ನಾನ್ಯಾಕ?"

"ಖಾಲಿ ಹೆಂಗ ಕೊಡ್ಲಿ? ಜೋಡಿಗಿ ನಿಮ್ಮನ್ನೂ ಕೊಟ್ಟ ಬರ್ತೀನಿ."

ನಿಂಗಮ್ಮಕ್ಕ ಮೈಕನ್ನು ಹೊರಳಿಸಿ ನೋಡಿದರು. ಆಮೇಲೆ ನನ್ನನ್ನೂ ಮೇಲಿಂದ ಕೆಳಗೆ ನೋಡಿದರು.

"ಮೈಕ್ ಇಲ್ಲೇ ಇರಲಿ ಮಹಾದೇವಿ, ಏನರ ಉಪಯೋಗಕ್ಕ ಬರ್ತದ. ಸರ್‌ನ ವಾಪಸ್ ಕರ್ಕೊಂಡ್ ಹೋಗು."