ಎರಡನೆಯ ರಿಮೋಟಿನ ವಿದೇಶಾಂಗ ನೀತಿ

2025ನೆಯ ಇಸವಿಯಲ್ಲಿ ನನಗೆ ಐವತ್ತಾರು ವರ್ಷ. ಈ ವಯಸ್ಸಿನ ಮನುಷ್ಯನಿಗೆ ಎರಡು ವಿಷಯಗಳಲ್ಲಾದರೂ ಯಾರ ಅಪ್ಪಣೆಯೂ ಬೇಕಾಗುವುದಿಲ್ಲವೆಂದು ನಾನು ನಂಬಿದ್ದೆ: ಒಂದು, ಕಾಫಿಗೆ ಎಷ್ಟು ಸಕ್ಕರೆ ಎಂಬುದು, ಇನ್ನೊಂದು, ಜಗತ್ತಿನ ರಾಜಕೀಯದ ಬಗ್ಗೆ ಅಭಿಪ್ರಾಯ ಹೇಳುವುದು. ಮೊದಲನೆಯ ಹಕ್ಕನ್ನು ನಮ್ಮ ವೈದ್ಯರು ಆ ವರ್ಷದ ಆರಂಭದಲ್ಲೇ ಕಸಿದುಕೊಂಡರು. ಎರಡನೆಯದನ್ನು ಕಸಿದುಕೊಂಡವರು ಎದುರುಮನೆಯ ಮುನಿರಾಜು. ಅದಕ್ಕೆ ಅವರು ಬಳಸಿದ ಆಯುಧ, ಮಕ್ಕಳು ಆಡಿ ಬಿಟ್ಟ ಒಂದು ಹಳೆಯ ವಿಡಿಯೋ ಗೇಮು.

ನಾನು ಯಲಹಂಕದ ಪ್ರೌಢಶಾಲೆಯೊಂದರಲ್ಲಿ ಬಹುಕಾಲ ಕನ್ನಡ ವ್ಯಾಕರಣ ಕಲಿಸಿ, ಸ್ವಯಂನಿವೃತ್ತಿ ಪಡೆದು, ಸಹಕಾರನಗರದಲ್ಲಿ ನೆಲೆಸಿದವನು. ಶಾಲೆ ನನ್ನನ್ನು ಬಿಟ್ಟರೂ ಶಾಲೆಯ ಶಿಸ್ತು ನನ್ನನ್ನು ಬಿಟ್ಟಿಲ್ಲ. ಅಭಿಪ್ರಾಯವೆಂದರೆ ಅದಕ್ಕೆ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಮೂರು ಅಂಗಗಳಿರಬೇಕು. ಇವುಗಳಲ್ಲಿ ಒಂದು ಊನವಾದರೂ ಅದು ಅಭಿಪ್ರಾಯವಲ್ಲ, ಕೆಮ್ಮು. ಬೆಳಗಿನ ನಡಿಗೆ ಮುಗಿಸಿ ಪಾರ್ಕಿನ ಕಲ್ಲುಬೆಂಚಿನ ಸುತ್ತ ಸೇರುವ ಗೆಳೆಯರಿಗೆ ನಾನು ತೈಲದ ಬೆಲೆ, ಆಮದು ಸುಂಕ, ಕದನವಿರಾಮ ಮುಂತಾದ ವಿಷಯಗಳನ್ನು ಈ ಕ್ರಮದಲ್ಲಿಯೇ ವಿವರಿಸುತ್ತಿದ್ದೆ. ಅವರು ಶ್ರದ್ಧೆಯಿಂದ ಕೇಳುತ್ತಿದ್ದರು. ಕೆಲವರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಅದು ಏಕಾಗ್ರತೆಯೆಂದು ನಾನು ತಿಳಿದಿದ್ದೆ.

ಮುನಿರಾಜು ಅವರದು ಬೇರೆ ಪದ್ಧತಿ. ಅವರು ಈ ಬಡಾವಣೆಗೂ ಹಿಂದಿನ ಹಳೆಯ ಊರಿನವರು. ತಂದೆ ರಾಗಿ ಬೆಳೆಯುತ್ತಿದ್ದ ನೆಲದಲ್ಲಿ ಮಗ ಈಗ ಅಪಾರ್ಟ್‌ಮೆಂಟು ಬೆಳೆಯುತ್ತಾರೆ. ಆದ್ದರಿಂದ ಭೂಮಂಡಲವೆಂದರೆ ಅವರಿಗೆ ಒಂದು ದೊಡ್ಡ ಲೇಔಟು. ಯುದ್ಧವೆಂದರೆ ಸೈಟಿನ ತಂಟೆ. ದೂರದ ದೊಡ್ಡ ದೇಶವೊಂದು ಹಿಮದಿಂದ ಮುಚ್ಚಿದ ದ್ವೀಪವನ್ನು ಕೊಂಡುಕೊಳ್ಳುವ ಮಾತಾಡುತ್ತಿದ್ದ ಕಾಲದಲ್ಲಿ, ನಾನು ಸಾರ್ವಭೌಮತ್ವ ಎಂಬ ಪರಿಕಲ್ಪನೆಗೆ ಪೀಠಿಕೆ ಹಾಕುತ್ತಿದ್ದೆ. ಅವರು ನಡುವೆ ಬಾಯಿ ಹಾಕಿದರು.

“ಅದೆಲ್ಲಾ ಇರ್ಲಿ ಮೇಷ್ಟ್ರೇ. ಆ ಐಸ್ ಜಮೀನಿಗೆ ಎ ಖಾತಾನೋ ಬಿ ಖಾತಾನೋ, ಅದ್ ನೋಡವ್ರಾ? ಇಂಗೆ ಖಾತೆ ನೋಡ್ದೆ ಅಡ್ವಾನ್ಸ್ ಕೊಟ್ಟು ಕೆಟ್ಟೋದೋರು ನಮ್ ಏರಿಯಾದಲ್ಲೇ ಎಷ್ಟ್ ಜನ ಇಲ್ಲ?”

ಇಡೀ ಬೆಂಚು ನಕ್ಕಿತು. ಕಣ್ಣು ಮುಚ್ಚಿದ್ದವರೂ ನಕ್ಕರು. ಆರ್.ಟಿ. ನಗರದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ, ನಮ್ಮಿಬ್ಬರಿಗೂ ಸಮಾನ ಸ್ನೇಹಿತರಾದ ಷರೀಫ್ ಸಾಹೇಬರು, “ವಾಹ್ ಮುನಿರಾಜಣ್ಣ, ಏನ್ ಪಾಯಿಂಟ್ ಹಾಕಿದ್ರೀ!” ಎಂದು ತೊಡೆ ತಟ್ಟಿದರು. ಅದು ಪಾಯಿಂಟು ಅಲ್ಲವೆಂದು ನಾನು ಆಧಾರಸಹಿತ ವಿವರಿಸಲು ತೊಡಗಿದಾಗ, ಮುನಿರಾಜು ಕೈ ಮುಗಿದರು.

“ಮೇಷ್ಟ್ರೇ, ಬ್ಯಾಡ. ಒಂದ್ ಕೆಲ್ಸ ಮಾಡಣ. ಭಾನುವಾರ ನಮ್ಮನೇಲಿ ಟ್ಯಾಂಕ್ ಆಟ ಆಡ್ತೀವಲ್ಲ, ಅದ್ರಲ್ಲಿ ಗೆದ್ದೋನು ವಾರವೆಲ್ಲಾ ಇಲ್ಲಿ ಪ್ರಪಂಚದ ಸುದ್ದಿ ಮಾತಾಡ್ಲಿ. ಸೋತೋನು ಬರೀ ಮಳೆ ಬಿಸ್ಲು ಮಾತಾಡ್ಲಿ. ಏನಂತೀರಾ?”

ಈ ಟ್ಯಾಂಕ್ ಆಟದ ಬಗ್ಗೆ ಎರಡು ಮಾತು ಹೇಳಬೇಕು. ಮನೆಗೆ ಸುಣ್ಣ ಬಳಿಸುವಾಗ ಮುನಿರಾಜು ಅವರ ಅಟ್ಟದಿಂದ ಒಂದು ರಟ್ಟಿನ ಪೆಟ್ಟಿಗೆ ಇಳಿದಿತ್ತು. ಅದರಲ್ಲಿ ಅವರ ಮಕ್ಕಳ ಬಾಲ್ಯದ ವಿಡಿಯೋ ಗೇಮು, ಎರಡು ರಿಮೋಟು, ಒಂದು ಹಳದಿ ಕ್ಯಾಸೆಟ್ಟು. ಡಬ್ಬದಂಥ ಹಳೆಯ ಟೀವಿಗೆ ಅದನ್ನು ಸಿಕ್ಕಿಸಿ, ಕ್ಯಾಸೆಟ್ಟಿನ ತಳಕ್ಕೆ ಉಫ್ ಎಂದು ಊದಿ ತುರುಕಿದರೆ, ಪರದೆಯ ಮೇಲೆ ಇಟ್ಟಿಗೆಗೋಡೆಗಳ ಮೈದಾನ ಮೂಡುತ್ತದೆ. ಮೇಲೊಂದು ಟ್ಯಾಂಕು, ಕೆಳಗೊಂದು ಟ್ಯಾಂಕು. ಇಬ್ಬರ ಹಿಂದೆಯೂ ಗೋಡೆಯ ಮರೆಯಲ್ಲಿ ಒಂದೊಂದು ಬಾವುಟ. ಎದುರಾಳಿಯ ಬಾವುಟಕ್ಕೆ ಮೊದಲು ಗುಂಡು ತಾಗಿಸಿದವನಿಗೆ ಒಂದು ಸುತ್ತು; ಮೊದಲು ಐದು ಸುತ್ತು ಗೆದ್ದವನಿಗೆ ಆಟ. ಇಂದಿನ ಆಟಗಳಲ್ಲಿ ಹುಲ್ಲಿನ ಒಂದೊಂದು ಎಸಳೂ ಬೇರೆಬೇರೆ ಅಲುಗಾಡುತ್ತದಂತೆ. ನಮ್ಮದರಲ್ಲಿ ಹುಲ್ಲೆಂದರೆ ಹಸಿರು ಚೌಕ. ಏನನ್ನು ರಕ್ಷಿಸಬೇಕು, ಏನನ್ನು ಒಡೆಯಬೇಕು ಎಂಬುದರಲ್ಲಿ ಸಂದೇಹವೇ ಇಲ್ಲದ ಆ ಸ್ಪಷ್ಟತೆ, ವ್ಯಾಕರಣದ ಮನುಷ್ಯನಾದ ನನಗೆ ತುಂಬ ಹಿಡಿಸಿತ್ತು. ನನ್ನ ಬೆರಳುಗಳೂ ಚುರುಕು. ಹೀಗಾಗಿ ನಾನು ಪಂದ್ಯಕ್ಕೆ ಒಪ್ಪಿದೆ.

ಒಪ್ಪುವ ಮುನ್ನ ನಾನು ಒಂದು ವಿಷಯವನ್ನು ಗಮನಿಸಬೇಕಾಗಿತ್ತು. ಮೊದಲನೆಯ ರಿಮೋಟಿನ ನಡುವೆ ಒಂದು ಪುಟ್ಟ ರಬ್ಬರ್ ಗುಂಡಿ ಇದೆ. ಆಟದ ಮಧ್ಯೆ ಅದನ್ನೊತ್ತಿದರೆ ಇಡೀ ರಣರಂಗ ಇದ್ದಲ್ಲೇ ಸ್ತಬ್ಧ. ಮತ್ತೆ ಒತ್ತಿದರೆ ಚಾಲೂ. ಎರಡನೆಯ ರಿಮೋಟಿನಲ್ಲಿ ಆ ಗುಂಡಿ ಇಲ್ಲ. ಕಳಚಿ ಬಿದ್ದದ್ದಲ್ಲ, ತಯಾರಿಸಿದವರೇ ಇಟ್ಟಿಲ್ಲ. ಆ ಜಾಗದಲ್ಲಿ ನುಣ್ಣನೆಯ ಪ್ಲಾಸ್ಟಿಕ್ಕು. ಮೊದಲನೆಯ ರಿಮೋಟು ಯಾವಾಗಲೂ ಮುನಿರಾಜು ಅವರ ಕೈಯಲ್ಲಿ, ಎರಡನೆಯದು ಅತಿಥಿಗೆ.

ಪಂದ್ಯ ಶುರುವಾದ ಮೊದಲ ಭಾನುವಾರವೇ ಇದರ ಅರ್ಥ ತಿಳಿಯಿತು. ನಾಲ್ಕು ನಾಲ್ಕು ಸುತ್ತುಗಳ ಸಮಬಲ. ನನ್ನ ಗುಂಡು ಅವರ ಬಾವುಟದ ಕಡೆಗೆ ದಾರಿ ಕೊರೆಯುತ್ತಿತ್ತು. ಇನ್ನೊಂದು ಇಟ್ಟಿಗೆ. ಅಷ್ಟರಲ್ಲಿ ಟಿಕ್ ಎಂದಿತು. ಗುಂಡು ಗಾಳಿಯಲ್ಲೇ ನಿಂತುಬಿಟ್ಟಿತು.

“ತಡೀರಿ ಮೇಷ್ಟ್ರೇ, ನೀರ್ ಕುಡೀತೀನಿ,” ಎಂದರು ಮುನಿರಾಜು.

ನನಗೆ ರೇಗಿತು. ಜಗತ್ತಿನ ದೊಡ್ಡ ಸಭೆಯಲ್ಲಿ ಐದೇ ಐದು ದೇಶಗಳು ಇಟ್ಟುಕೊಂಡಿರುವ ವೀಟೋ ಅಧಿಕಾರಕ್ಕೂ ಈ ಗುಂಡಿಗೂ ಏನೇನೂ ವ್ಯತ್ಯಾಸವಿಲ್ಲವೆಂದು ನಾನು ಅಲ್ಲಿಯೇ ಪ್ರತಿಪಾದಿಸಿದೆ. ಮಿಕ್ಕವರೆಲ್ಲ ಕೈಯೆತ್ತಿ ಒಪ್ಪಿದರೂ ಒಬ್ಬನು ಬೇಡವೆಂದರೆ ಮುಗಿಯಿತು. ಇದು ಯಾವ ಸೀಮೆಯ ನ್ಯಾಯ, ಎಂದು ಕೇಳಿದೆ.

“ಡಬ್ಬ ನಂದು, ಟೀವಿ ನಂದು, ಕರೆಂಟ್ ಬಿಲ್ಲೂ ನಂದೇ,” ಎಂದರು ಮುನಿರಾಜು, ಲೋಟ ಕೆಳಗಿಟ್ಟು. “ಆ ಐದ್ ದೇಶದೋರೂ ಅಂಗೇ ಅಲ್ವಾ? ಯುದ್ಧ ಗೆದ್ದೋರು, ಗುಂಡಿ ಮಡಿಕ್ಕೊಂಡ್ರು.”

ಹಾಗಲ್ಲ, ಸಮಾನತೆಯ ತತ್ತ್ವವನ್ನು ನಾವು ಇತಿಹಾಸದ ದೃಷ್ಟಿಯಿಂದ ನೋಡಿದರೆ, ಎಂದು ನಾನು ಮುಂದುವರಿಸುತ್ತಿದ್ದಂತೆ ಮತ್ತೆ ಟಿಕ್. ಅವರ ಟ್ಯಾಂಕು ಹಾರಿಬರುತ್ತಿದ್ದ ನನ್ನ ಗುಂಡಿಗೆ ಅಡ್ಡ ಬಂದಿತು. ಮೂರು ಕ್ಷಣಗಳಲ್ಲಿ ನನ್ನ ಬಾವುಟ ಬೂದಿಯಾಯಿತು.

ಅಲ್ಲಿಂದ ಮುಂದೆ ನಡೆದದ್ದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಪ್ರತಿ ಭಾನುವಾರವೂ ನಾನು ಗೆಲುವಿನ ಹೊಸ್ತಿಲಿಗೆ ಬರುತ್ತಿದ್ದೆ. ಪ್ರತಿ ಭಾನುವಾರವೂ ಟಿಕ್. ಒಮ್ಮೆ ಸಿಮೆಂಟಿನವನ ಫೋನು, ಒಮ್ಮೆ ಕಾಲಿಗೆ ಜೋಮು, ಒಮ್ಮೆ ಸುಮ್ಮನೆ ಆಕಳಿಕೆ. ಸೋಮವಾರದಿಂದ ಶನಿವಾರದವರೆಗೆ ನಾನು ಪಾರ್ಕಿನಲ್ಲಿ ಮೋಡಗಳ ವಿಷಯ ಮಾತಾಡಬೇಕು. ಜಗತ್ತಾದರೋ ಆ ತಿಂಗಳುಗಳಲ್ಲಿ ನನ್ನ ಅಭಿಪ್ರಾಯಕ್ಕಾಗಿ ಬಾಯಿಬಿಟ್ಟುಕೊಂಡು ಕಾಯುತ್ತಿತ್ತು. ಒಂದು ದಿನ ಸುಂಕ ಏರಿಸುತ್ತಿದ್ದರು, ಇನ್ನೊಂದು ದಿನ ಇಳಿಸುತ್ತಿದ್ದರು. ಬೆಳಿಗ್ಗೆ ಕದನವಿರಾಮ, ಸಂಜೆ ಬಾಂಬು. ನಾನು ಎಲ್ಲವನ್ನೂ ಪತ್ರಿಕೆಯಲ್ಲಿ ಓದಿ, ಅರೆದು, ಮೂರು ಅಂಗಗಳಾಗಿ ಜೋಡಿಸಿಕೊಂಡು, “ಇವತ್ತು ಸ್ವಲ್ಪ ಶೆಖೆ ಅಲ್ಲವೇ?” ಎಂದು ಹೇಳಿ ಕೂರಬೇಕಾಗಿತ್ತು. ಇದಕ್ಕಿಂತ ಸಂಕಟದ ಸಂಗತಿಯೆಂದರೆ, ಬೆಂಚಿನವರು ಮುನಿರಾಜು ಅವರ ಸಿದ್ಧಾಂತಗಳನ್ನು ನಂಬತೊಡಗಿದ್ದರು. ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು, ಒಂದಿಡೀ ಯುದ್ಧಕ್ಕೆ ಕಾರಣ ಅಣ್ಣತಮ್ಮಂದಿರ ಪಾಲುಪತ್ರ ಸರಿಯಾಗಿ ನೋಂದಣಿ ಆಗದಿರುವುದೇ ಎಂದು ನನಗೇ ತಿಳಿಹೇಳಿದರು. ನಾನು ಆಕಾಶ ನೋಡಿ, ಸಂಜೆ ಮಳೆ ಬರಬಹುದು ಎಂದೆ.

ಹೀಗೆ ಶರತ್ಕಾಲವೂ ಮುಗಿಯುತ್ತ ಬಂದಾಗ, ಒಂದು ಭಾನುವಾರ ನನ್ನ ಹೆಂಡತಿ ಸುಮಿತ್ರೆ ಪಂದ್ಯ ನೋಡಲು ಬಂದಳು. ನಾನು ಸೋಲುವುದನ್ನು ನೋಡಿದಳು. ಮನೆಗೆ ಬಂದು ಬದನೆಕಾಯಿ ಹೆಚ್ಚುತ್ತ, “ನೀವು ಸೋಲ್ತಿರೋದು ಅವರ ಗುಂಡಿಯಿಂದಲ್ಲ ಕಣ್ರೀ,” ಎಂದಳು.

“ಮತ್ತೆ?”

“ಅವರು ಆಟ ನಿಲ್ಲಿಸ್ತಾರೆ. ನಿಂತ ತಕ್ಷಣ ನೀವು ಅವರ ಕಡೆ ತಿರುಗಿ ಭಾಷಣ ಶುರು ಮಾಡ್ತೀರಿ. ಅವರೇನು ನೀರು ಕುಡೀತಾರೆ ಅಂದ್ಕೊಂಡ್ರಾ? ಲೋಟ ಬಾಯಲ್ಲಿರತ್ತೆ, ಕಣ್ಣು ಟೀವಿ ಮೇಲಿರತ್ತೆ. ಎಲ್ಲಿ ಇಟ್ಟಿಗೆ ಬಿದ್ದಿದೆ, ಎಲ್ಲಿಂದ ನುಗ್ಗಬೇಕು, ಎಲ್ಲಾ ನೋಡ್ಕೋತಾರೆ. ನೀವು ಮಾತಿನ ಮಧ್ಯೆ ಇದ್ದಾಗ ಒತ್ತಿಬಿಡ್ತಾರೆ.”

ನಾನು ದಂಗಾದೆ. “ನಿನಗೆ ಇದು ಹೇಗೆ ಗೊತ್ತಾಯಿತು?”

“ನಾನೂ ಮದುವೆಯಾದಾಗಿಂದ ಅದನ್ನೇ ತಾನೇ ಮಾಡ್ತಿರೋದು? ನೀವು ಪೀಠಿಕೆ ಹಾಕಿದ್ರೆ ನಾನು ಸಾರಿಗೆ ಬೇಳೆ ಇಡ್ತೀನಿ. ಉಪಸಂಹಾರಕ್ಕೆ ಬರೋಷ್ಟರಲ್ಲಿ ಒಗ್ಗರಣೆ.”

ಈ ಮಾತಿನ ಎರಡನೆಯ ಭಾಗವನ್ನು ನಾನು ವಿಚಾರಿಸಲು ಹೋಗಲಿಲ್ಲ. ಮೊದಲನೆಯ ಭಾಗವನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡೆ. ತರಗತಿಯಲ್ಲಿ ಸದ್ದು ನಿಂತರೆ ಮೇಷ್ಟರು ಮಾತಾಡಬೇಕು ಎಂಬುದು ನನ್ನ ರಕ್ತದಲ್ಲಿ ಇಳಿದುಹೋದ ನಿಯಮ. ನಿಶ್ಶಬ್ದವೆಂದರೆ ಅದು ನನಗಾಗಿಯೇ ಬಿಟ್ಟ ಜಾಗವೆಂದು ನಾನು ಜೀವಮಾನವಿಡೀ ತಿಳಿದಿದ್ದೆ. ಮುನಿರಾಜು ನಿಲ್ಲಿಸಿದ್ದ ಆಟ ನನಗೂ ನಿಂತೇ ಇತ್ತು. ಆ ಪರದೆ ನನ್ನ ಕಣ್ಣಿಗೂ ತೆರೆದೇ ಇತ್ತು.

ಮುಂದಿನ ಭಾನುವಾರ ಮತ್ತೆ ನಾಲ್ಕು ನಾಲ್ಕು. ಷರೀಫ್ ಸಾಹೇಬರು ತೀರ್ಪುಗಾರರ ಕುರ್ಚಿಯಲ್ಲಿದ್ದರು. ನನ್ನ ಟ್ಯಾಂಕು ಮೇಲಕ್ಕೆ ನುಗ್ಗಿತು. ಟಿಕ್.

“ಯಾಕೋ ಗಂಟಲು ಒಣಗ್ತೈತೆ,” ಎಂದರು ಮುನಿರಾಜು.

ನನ್ನ ಗಂಟಲಿನವರೆಗೆ ಒಂದು ಪೂರ್ಣ ಪ್ರಮಾಣದ ಪೀಠಿಕೆ ಬಂದಿತ್ತು. ಅದನ್ನು ನುಂಗಿದೆ. ಪರದೆಯನ್ನೇ ನೋಡಿದೆ. ಅವರ ಬಾವುಟದ ಎಡಗೋಡೆಯಲ್ಲಿ ಒಂದು ಇಟ್ಟಿಗೆ ಮಾಯವಾಗಿತ್ತು. ಆ ಕಿಂಡಿಗೆ ನೇರವಾಗಿ ಒಂದು ಓಣಿ. ಓಣಿಯ ತುದಿ ನನ್ನ ಟ್ಯಾಂಕಿನ ಪಕ್ಕದಲ್ಲೇ. ಇಷ್ಟು ತಿಂಗಳು ಇಂಥ ಎಷ್ಟು ಓಣಿಗಳು ನನ್ನ ಸಮಾನತೆಯ ತತ್ತ್ವದ ಹಿಂದೆ ಮರೆಯಾಗಿದ್ದವೋ!

“ಏನ್ ಮೇಷ್ಟ್ರೇ, ಮೈ ಸರಿಯಿಲ್ವಾ?” ಎಂದರು ಮುನಿರಾಜು, ಅನುಮಾನದಿಂದ. “ಬೈಯೋದೇ ಇಲ್ವಲ್ಲ ಇವತ್ತು?”

ನಾನು ಪರದೆಯಿಂದ ಕಣ್ಣು ಕೀಳಲಿಲ್ಲ. ಅವರು ಕಾದರು. ಇನ್ನಷ್ಟು ಕಾದರು. “ಆ ವೀಟೋ ಕತೆಯಾದ್ರೂ ಏಳ್ರೀ,” ಎಂದು ಕೆಣಕಿದರು. ಕೊನೆಗೆ ಬೇರೆ ದಾರಿ ಕಾಣದೆ ಗುಂಡಿ ಒತ್ತಿದರು. ನಾನು ಪಕ್ಕಕ್ಕೆ ಸರಿದೆ, ತಿರುಗಿದೆ, ಹಾರಿಸಿದೆ. ಹಸಿರು ಚೌಕಗಳ ಮೇಲೆ ಮುನಿರಾಜು ಅವರ ಬಾವುಟ ನಾಲ್ಕು ಕೆಂಪು ಚುಕ್ಕಿಗಳಾಗಿ ಸಿಡಿಯಿತು.

“ಯಾ ಅಲ್ಲಾ, ಮೇಷ್ಟ್ರು ಗೆದ್ದೇಬಿಟ್ರು!” ಎಂದು ಷರೀಫ್ ಸಾಹೇಬರು ಕುರ್ಚಿಯಿಂದ ಎದ್ದರು. ನಾನೂ ಎದ್ದೆ. ಆ ಕೋಣೆಯ ಛಾವಣಿ ಇನ್ನೂ ಸ್ವಲ್ಪ ಎತ್ತರವಿದ್ದರೆ ಚೆನ್ನಾಗಿತ್ತೆಂದು ನನಗೆ ಅನ್ನಿಸಿತು.

ಮುನಿರಾಜು ದೊಡ್ಡ ಮನಸ್ಸಿನ ಮನುಷ್ಯರು. “ಗೆದ್ದೋರು ನೀವು. ಬೇರೆ ಏನಾದ್ರೂ ಕೇಳ್ಕಳಿ ಮೇಷ್ಟ್ರೇ, ಕೊಡ್ತೀನಿ,” ಎಂದರು. ತತ್ತ್ವದ ಪ್ರಕಾರ ನಾನು ಕೇಳಬೇಕಾಗಿದ್ದದ್ದು, ಆ ಗುಂಡಿಯನ್ನು ಯಾರೂ ಒತ್ತಕೂಡದೆಂಬ ನಿಯಮವನ್ನು. ನನ್ನ ಬಾಯಿಂದ ಬಂದದ್ದು, “ಮುಂದಿನ ವಾರದಿಂದ ಮೊದಲನೆಯ ರಿಮೋಟು ನನಗೆ,” ಎಂಬ ಮಾತು. ಅದು ನನ್ನ ಬಳಿ ಇದ್ದರೆ ದುರುಪಯೋಗವಾಗುವ ಪ್ರಶ್ನೆಯೇ ಇಲ್ಲವಷ್ಟೆ.

ಸೋಮವಾರ ಬೆಳಿಗ್ಗೆ ಪಾರ್ಕಿನಲ್ಲಿ ನಾನು ಮಾತಾಡಿದೆ. ತಿಂಗಳುಗಟ್ಟಲೆ ಕೂಡಿಟ್ಟಿದ್ದ ಅಷ್ಟನ್ನೂ ಮಾತಾಡಿದೆ. ಮುನಿರಾಜು ನಿಯಮಕ್ಕೆ ಬದ್ಧರಾಗಿ ಬಾಯಿ ಬಿಗಿದು, ಆಗಾಗ ಮೋಡ ನೋಡುತ್ತ ಕೂತಿದ್ದರು. ಆ ನೋಟದ ರುಚಿಯೇ ರುಚಿ. ಸುಂಕದ ಬಗೆಗಿನ ನನ್ನ ಖಂಡನೆ ಅತ್ಯಂತ ಪ್ರಖರವಾದ ಘಟ್ಟಕ್ಕೆ ಬಂದಾಗ ಷರೀಫ್ ಸಾಹೇಬರು ಮೆಲ್ಲನೆ, “ಮೇಷ್ಟ್ರೇ, ಅದನ್ನ ವಾಪಸ್ ತಗೊಂಡು ಆಯ್ತಲ್ಲ,” ಎಂದರು. ನನ್ನ ಅಭಿಪ್ರಾಯದ ಬಲಕ್ಕೆ ಅದೇ ಸಾಕ್ಷಿಯೆಂದು ಹೇಳಿ ನಾನು ಮುಂದುವರಿದೆ. ಅಂದು ಯಾರೂ ಕಣ್ಣು ಮುಚ್ಚಲಿಲ್ಲ. ಒಬ್ಬರಿಬ್ಬರು ಎದ್ದು ಹೋದದ್ದು ನಿಜ. ಹೋಗುವಾಗಲೂ ಅವರ ಕಣ್ಣು ತೆರೆದಿತ್ತು.

ಅದರ ಮುಂದಿನ ಭಾನುವಾರ ಮೊದಲನೆಯ ರಿಮೋಟು ನನ್ನ ಅಂಗೈಯಲ್ಲಿತ್ತು. ಅದು ಎರಡನೆಯದಕ್ಕಿಂತ ಭಾರವೆಂದು ನನಗೆ ತೋರಿತು. ಆ ಗುಂಡಿಯ ಕಡೆಗೆ ನೋಡುವುದೂ ಇಲ್ಲವೆಂದು ಎಲ್ಲರೆದುರು ಘೋಷಿಸಿ ಆಟಕ್ಕೆ ಕೂತೆ. ನಾಲ್ಕು ನಾಲ್ಕಾಯಿತು. ಕೊನೆಯ ಸುತ್ತು. ಮುನಿರಾಜು ಅವರ ಟ್ಯಾಂಕು ನನ್ನ ಗೋಡೆಯನ್ನು ಪುಡಿಪುಡಿ ಮಾಡಿ, ನನ್ನ ಬಾವುಟದ ಎದುರು ಬಂದು ನಿಂತು, ಗುಂಡು ಹಾರಿಸಲು ತಿರುಗುತ್ತಿತ್ತು.

ಟಿಕ್.

“ಮೇಷ್ಟ್ರೇ!” ಮುನಿರಾಜು ಎದ್ದು ನಿಂತರು. “ಇದೇನ್ ಅನ್ಯಾಯ? ಷರೀಫಣ್ಣ, ನೀನಾದ್ರೂ ಕೇಳು! ನ್ಯಾಯ ಅಂದ್ರೆ ಇಬ್ರಿಗೂ ಒಂದೇ ಇರ್ಬೇಕಾ ಬ್ಯಾಡ್ವಾ? ಒಬ್ನ ಕೈಯಾಗೆ ಗುಂಡಿ, ಇನ್ನೊಬ್ನ ಕೈಯಾಗೆ ಬರೀ ಪ್ಲಾಸ್ಟಿಕ್ಕು, ಅಂದ್ರೆ…”

“ಅಲ್ಲಾ ಮೇಷ್ಟ್ರೇ,” ಎಂದರು ಷರೀಫ್ ಸಾಹೇಬರು, “ಇಷ್ಟ್ ದಿನ ಈ ಗುಂಡಿ ಹರಾಮ್ ಅಂತ ನೀವೇ ಅಲ್ವಾ ಹೇಳಿದ್ದು?”

“ಗುಂಡಿಯಲ್ಲಿ ದೋಷವಿಲ್ಲ ಸಾಹೇಬರೇ,” ಎಂದೆ. “ಅದು ಜವಾಬ್ದಾರಿಯುತರ ಕೈಯಲ್ಲಿರಬೇಕು, ಅಷ್ಟೆ.”

“ಆ ಐದು ದೇಶದವರೂ ಇದನ್ನೇ ಹೇಳೋದು ಅಲ್ವಾ?”

ಇದಕ್ಕೆ ಸಮರ್ಪಕವಾದ ಉತ್ತರವೊಂದು ನನ್ನಲ್ಲಿತ್ತು. ಆದರೆ ನಾನು ಕೊಡಲಿಲ್ಲ, ಏಕೆಂದರೆ ನಾನು ಪರದೆ ನೋಡುತ್ತಿದ್ದೆ. ಮುನಿರಾಜು ಇನ್ನೂ ಷರೀಫ್ ಸಾಹೇಬರ ಕಡೆಗೆ ತಿರುಗಿಕೊಂಡು, ರಿಮೋಟು ಕೆಳಗೆ ಬಿಟ್ಟು ಎರಡೂ ಕೈ ಬೀಸುತ್ತ, ನ್ಯಾಯದ ಬಗ್ಗೆ ಬಹಳ ಚೆನ್ನಾಗಿ ಮಾತಾಡುತ್ತಿದ್ದರು. ನಾನು ಗುಂಡಿ ಒತ್ತಿದೆ, ಗೆದ್ದೆ. ವೀಟೋ ಅಧಿಕಾರವಿಲ್ಲದೆ ವಿಶ್ವಶಾಂತಿ ಅಸಾಧ್ಯವೆಂಬ ನನ್ನ ಖಚಿತ ಅಭಿಪ್ರಾಯವು ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರಗಳ ಸಮೇತ ಶಾಶ್ವತವಾಗಿ ಇತ್ಯರ್ಥವಾದದ್ದು 2025ನೆಯ ಇಸವಿ ನವೆಂಬರ್ 23, ಭಾನುವಾರದಂದು.